ತಲೆಯ ಮೇಲೆ ಹಾದುಹೋದ ಸದ್ದು

ನಮ್ಮ ಫಿಸಿಕ್ಸ್ ಮೇಷ್ಟ್ರ ಬಲಗೈ ಸುಮ್ಮನೆ ಜೋತುಬಿದ್ದಿದ್ದನ್ನು ನಾನು ನೋಡಿದ್ದೇ ಇಲ್ಲ. ಅಂಗೈ ಯಾವಾಗಲೂ ಏನಾದರೊಂದರ ಮೇಲೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತಿತ್ತು. ಕಿಟಕಿಯ ಗಾಜು, ಬಸ್ಸಿನ ತಗಡು, ಹೋಟೆಲಿನ ಟೇಬಲ್ಲು, ಏನೂ ಸಿಗದಿದ್ದರೆ ತಮ್ಮದೇ ಟಿಫನ್ ಕ್ಯಾರಿಯರಿನ ಮುಚ್ಚಳ. ದೊಡ್ಡ ಕೈ. ಸೀಮೆಸುಣ್ಣ ಹಿಡಿದೂ ಹಿಡಿದೂ ಬೆರಳ ತುದಿಗಳು ಬಿರುಕು ಬಿಟ್ಟಿದ್ದವು, ಅಂಗೈ ಮಾತ್ರ ಎಳೇ ಮಗುವಿನದರಂತೆ ಮೆತ್ತಗಿತ್ತು. ಹೊಸಬರು ನೋಡಿದರೆ, ಪಾಪ, ಯಾರಿಗೋ ತಲೆಸುತ್ತು ಬಂದು ಆಸರೆ ಹಿಡಿದಿದ್ದಾರೆ ಅಂದುಕೊಳ್ಳಬೇಕು. ನಂಜನಗೂಡಿನ ಕಾಲೇಜಿಗೆ ಸೇರಿದ ಮೊದಲ ವಾರ ನಾನೂ ಹಾಗೇ ಅಂದುಕೊಂಡು, "ಸಾರ್, ನೀರು ತರ್ಲಾ?" ಅಂತ ಕೇಳಿದ್ದೆ.

"ಶ್! ಗೂಡ್ಸ್ ಬರ್ತಿದೆ" ಅಂದರು.

ಲ್ಯಾಬಿನ ಕಲ್ಲುಬೆಂಚಿನ ಮೇಲೆ ಅಂಗೈ, ಕಣ್ಣು ಮುಚ್ಚಿದ್ದರು. ನಮಗೆ ಒಂದು ಸದ್ದೂ ಇಲ್ಲ. ಇವರಿಗೇನೋ ತಿರುಗಿದೆ ಅಂತ ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಷ್ಟರಲ್ಲಿ ಹೊಳೆಯ ಸೇತುವೆ ಕಡೆಯಿಂದ ರೈಲಿನ ಕೂಗು ಬಂತು. ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ಮೇಷ್ಟ್ರು ನಾಚಿಕೊಂಡು ಕೈ ತೆಗೆದರು. "ಇದೇನ್ ಮಹಾ! ನೆಲ ಹೇಳ್ತು, ಕೈ ಕೇಳ್ತು. ಗಾಳಿ ಹೇಳೋದನ್ನ ಕೇಳೋಕೆ ಬರಬೇಕು ನೋಡಿ, ಅದು ಕಷ್ಟ."

ಪಾಠವೆಲ್ಲ ಎಲ್ಲಿಂದಲೋ ಶುರುವಾಗಿ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಸೆಕೆಂಡಿಗೆ ಇಪ್ಪತ್ತು ಸಲಕ್ಕಿಂತ ನಿಧಾನವಾಗಿ ಅಲುಗುವ ಗಾಳಿ ನಮ್ಮ ಕಿವಿಗೆ ಸದ್ದೇ ಅಲ್ಲ. "ಪುಸ್ತಕದಲ್ಲಿ ಇದಕ್ಕೆ ಅವಶ್ರವ್ಯ ಅಂತ ಹೆಸರು. ಪರೀಕ್ಷೇಲಿ ಹಾಗೇ ಬರೀರಿ, ಮಾರ್ಕ್ಸ್ ಕೊಡ್ತಾರೆ. ನಮ್ಮ ನಮ್ಮಲ್ಲಿ ಕೇಳದ ಸದ್ದು ಅನ್ನೋಣ" ಅನ್ನುತ್ತಿದ್ದರು. ಗುಡುಗು, ಕ್ವಾರಿಯ ಸಿಡಿತ, ಕಡಲ ಅಲೆ, ಹಾರುವ ರಾಕೆಟ್ಟು ಎಲ್ಲವೂ ನಮಗೆ ಕೇಳುವ ಸದ್ದಿನ ಜೊತೆಗೆ ಈ ಕೇಳದ ಸದ್ದನ್ನೂ ಮಾಡುತ್ತವೆ. ಕೇಳುವ ಸದ್ದು ಊರು ದಾಟುವಷ್ಟರಲ್ಲಿ ಕರಗಿ ಹೋಗುತ್ತದೆ. ಕೇಳದ್ದು ಕರಗುವುದಿಲ್ಲ, ಸುಮ್ಮನೆ ಮೇಲಕ್ಕೆ ಹತ್ತುತ್ತಾ ಹೋಗುತ್ತದೆ.

ಮೇಲೆ ಹೋದರೆ ಏನಾಗುತ್ತದೆ ಅನ್ನುವುದನ್ನು ಅವರು ಕಲಿಸಿದ ರೀತಿ ನನ್ನ ಎಡ ಮಂಡಿಯ ಮೇಲೆ ಇವತ್ತಿಗೂ ಇದೆ. ಕಾಲೇಜಿನ ಹಿಂದಿನ ಬೇವಿನ ಮರದ ಹತ್ತಿರ ನಮ್ಮನ್ನು ಒಬ್ಬರ ಹಿಂದೆ ಒಬ್ಬರು ಅಂಟಿಸಿ ನಿಲ್ಲಿಸಿದರು. ಹಿಂದೆ ಕಬಡ್ಡಿ ಆಡುವ ದಾಂಡಿಗರು, ನಡುವೆ ಸಾಧಾರಣ ಮೈಯವರು, ಎಲ್ಲರಿಗಿಂತ ಮುಂದೆ ಕಡ್ಡಿಯ ಹಾಗಿದ್ದ ನಾನು. ಆಮೇಲೆ ಹಿಂದಿನವನ ಬೆನ್ನಿಗೆ ಅದೇ ಅಂಗೈ ಇಟ್ಟು ಮೆಲ್ಲಗೆ ನೂಕಿದರು. ದಾಂಡಿಗರು ಅಲ್ಲಾಡಿದ್ದು ಕಾಣಲೂ ಇಲ್ಲ. ನಡುವಿನವರು ಒಂದು ಹೆಜ್ಜೆ ಮುಗ್ಗರಿಸಿದರು. ನಾನು ಹಾರಿಹೋಗಿ ಬೇವಿನ ಬೇರಿನ ಮೇಲೆ ಬಿದ್ದೆ.

"ನೋಡಿದ್ರಾ? ನಾನು ನೂಕಿದ್ದು ಇಷ್ಟೇ ಇಷ್ಟು. ಕೆಳಗಡೆ ಗಾಳಿ ದಟ್ಟ, ಕೂದಲೆಳೆಯಷ್ಟು ಅಲುಗುತ್ತೆ. ಮೇಲೆ ಮೇಲೆ ಗಾಳಿ ತೆಳು. ನೂಕು ಅದೇ, ತಡೆಯೋಕೆ ಮುಂದೆ ಜನ ಇಲ್ಲ. ನೂರು ಕಿಲೋಮೀಟರ್ ಮೇಲೆ ಹೋಗೋ ಹೊತ್ತಿಗೆ ಈ ಪುಟ್ಟ ಅಲುಗಾಟ ಅಲ್ಲಿನ ಗಾಳೀನ ಎತ್ತಿ ಎಸೆಯುತ್ತೆ. ಅಲ್ಲಿ ರೇಡಿಯೋ ಅಲೆಗಳು ತಾಕಿ ಹಿಂದಿರುಗೋ ಒಂದು ಪದರ ಇದೆಯಲ್ಲ, ಅದೂ ತೂಗಾಡುತ್ತೆ. ಎಸೆದೂ ಎಸೆದೂ ಆ ಸದ್ದು ಸುಸ್ತಾಗಿ, ಬಿಸಿಯಾಗಿ ಅಲ್ಲೇ ಪ್ರಾಣ ಬಿಡುತ್ತೆ."

"ಮಂಡಿ ಕಿತ್ತೋಯ್ತು ಸಾರ್!" ಅಂತ ಕಿರುಚಿದೆ.

"ನೀನೇ ಕಣಮ್ಮ ಮೇಲಿನ ಗಾಳಿ" ಅಂದರು. ಎಲ್ಲರೂ ನಕ್ಕರು. ಮಂಡಿಗೆ ತಾವೇ ಅರಿಸಿನ ತರಿಸಿ ಹಚ್ಚಿಸಿದರು. ಅವತ್ತಿನಿಂದ ಹಾಜರಿ ಕೂಗುವಾಗ ಬಿಟ್ಟರೆ ಮಿಕ್ಕೆಲ್ಲ ಹೊತ್ತು ಅವರ ಬಾಯಲ್ಲಿ ನಾನು ಮೇಲಿನ ಗಾಳಿಯೇ. ನನ್ನ ಬಾಯಿ ಆಗಲೇ ಜೋರು, ಯಾರಾದರೂ ಅಡ್ಡ ಹೆಸರಿಟ್ಟರೆ ಅವರ ಏಳು ತಲೆಮಾರು ಜಾಲಾಡುತ್ತಿದ್ದೆ. ಮೇಷ್ಟ್ರು ಇಟ್ಟ ಹೆಸರಿಗೆ ಮಾತ್ರ ಓಗೊಡುತ್ತಿದ್ದೆ.

ಅಷ್ಟು ಮೆತ್ತಗಿನ ಮನುಷ್ಯ ರೇಗುತ್ತಿದ್ದದ್ದು ಒಂದೇ ಕಡೆ. ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಉತ್ತರ ಮೊದಲೇ ನೋಡಿಕೊಂಡು ರೀಡಿಂಗುಗಳನ್ನು ಹಿಂದಿನಿಂದ ಹೊಂದಿಸುವುದು ನಮ್ಮ ಕುಲಕಸುಬಾಗಿತ್ತು. "ಮುಳ್ಳು ಅಲ್ಲಾಡ್ತಾ?" ಅಂತ ಕೇಳುವರು. "ಅಲ್ಲಾಡಿದಂಗಿತ್ತು ಸಾರ್" ಅನ್ನುವೆವು. ಮುಖ ಕೆಂಪಾಗುತ್ತಿತ್ತು. "ಇದ್ರೆ ಇದೆ ಅನ್ನು. ಇಲ್ದಿದ್ರೆ ಇಲ್ಲ ಅನ್ನು. ಇದ್ದಂಗಿದೆ ಅನ್ನೋದಾದ್ರೆ ಆಚೆ ನಡಿ!"

ಯಾಕೆ ಹಾಗೆ ಅನ್ನುವುದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ನಾನು ತಿ. ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದೆ. ಮೇಷ್ಟ್ರು ರಿಟೈರಾಗಿ, ತಾಯಿಯ ಕಡೆಯಿಂದ ಬಂದ ಮನೆ, ಹೊಲ ಇರುವ ಹೆಮ್ಮಿಗೆಗೆ ಹೆಂಡತಿಯ ಜೊತೆ ಬಂದು ಕೂತಿದ್ದರು. ಆ ಹೆಂಡತಿಯನ್ನು ನಾವೆಲ್ಲ ಅಮ್ಮಾವ್ರು ಅನ್ನುತ್ತಿದ್ದೆವು. ಭಾನುವಾರ ಸ್ಕೂಟರ್ ಹತ್ತಿದರೆ ನಾನು ಅಲ್ಲಿ. ಅಮ್ಮಾವ್ರ ಉಪ್ಪಿಟ್ಟು, ಮೇಷ್ಟ್ರ ಮಾತು.

ಒಂದು ಭಾನುವಾರ ಅವರು ಅಡುಗೆಮನೆಯ ಬಾಗಿಲ ಹಲಗೆಯನ್ನು ತೋರಿಸಿ ಹೇಳಿದರು: "ನಾನು ಚಡ್ಡಿ ಹಾಕ್ಕೊಂಡಿದ್ದ ಕಾಲ. ಈ ಬಾಗಿಲಿಗೆ ಒರಗಿ ನಿಂತಿದ್ದೆ. ಎಲೆ ಅಲ್ಲಾಡ್ತಿಲ್ಲ, ಅಂಥಾ ಸೆಕೆ. ಇದ್ದಕ್ಕಿದ್ದಂಗೆ ಈ ಹಲಗೆ ನಡುಗ್ತು ಕಣಮ್ಮ. ನಿಧಾನಕ್ಕೆ, ಯಾರೋ ಉಸಿರಾಡ್ದಂಗೆ. ಮೇಲೆ ನೆಲುವಿನ ಮೇಲಿದ್ದ ಕಂಚಿನ ತಟ್ಟೆ ಒಂದಕ್ಕೊಂದು ತಾಕಿ ಗಿಣಿಗಿಣಿ ಅಂತು. ಆಮೇಲೆ ನಿಂತೋಯ್ತು. ಅಪ್ಪನ ಹತ್ರ ಓಡಿಹೋಗಿ ಹೇಳ್ದೆ. ಅಪ್ಪ ಬಂದು ಬಾಗಿಲು ಮುಟ್ಟಿ ನೋಡಿದ್ರು, ಏನೂ ಇಲ್ಲ. ಸುಳ್ಳು ಬೊಗಳ್ತೀಯಾ ಅಂತ ಕೆನ್ನೆಗೆ ಬಿಟ್ರು."

"ಅಷ್ಟಕ್ಕೇ?"

"ಅಷ್ಟಕ್ಕೇ ಅಲ್ಲ. ಅಪ್ಪ ಸಾಯೋ ತನಕ ಊರಿನೋರ ಮುಂದೆ, ನಮ್ಮ ಹುಡುಗ ಇಲ್ದೇ ಇರೋದನ್ನೂ ಕಾಣ್ತಾನೆ ಅಂತ ನಗಾಡ್ತಿದ್ರು. ನಾನು ಸುಳ್ಳು ಹೇಳಿರ್ಲಿಲ್ಲ. ಅದು ಬಂದಿತ್ತು. ಈ ಊರಿಗೆ, ಈ ಬಾಗಿಲಿಗೆ ಬಂದಿತ್ತು. ಒಂದೇ ಒಂದು ಸಲ ಇನ್ನೊಬ್ಬರು ನೋಡೋ ಹಂಗೆ ಅದನ್ನ ಹಿಡಿಬೇಕು. ಅಷ್ಟಾದ್ರೆ ಸಾಕು ನಂಗೆ."

ಈ ಮಾತು ಹೇಳುವಾಗ ಅವರು ಕೆನ್ನೆ ಸವರಿಕೊಂಡರು. ಎಪ್ಪತ್ತರ ಹತ್ತಿರದ ಮನುಷ್ಯ.

ಅಮ್ಮಾವ್ರು ಒಳಗಿನಿಂದ, "ನಾನು ಕೂಗಿದ್ರೆ ಒಂದಿನ ಕೇಳಿಸ್ಕೊಂಡಿಲ್ಲ. ಯಾರಿಗೂ ಕೇಳ್ಸದೇ ಇರೋದನ್ನ ಕೇಳ್ತಾರಂತೆ, ನೋಡು!" ಅಂದರು. ಅಂದರೂ ಆ ಕೆಲಸಕ್ಕೆ ಬೇಕಾದ ಗಾಳಿಯಾಡದ ಡಬ್ಬವನ್ನು ತಮ್ಮ ಉಪ್ಪಿನಕಾಯಿ ಖಾಲಿ ಮಾಡಿ ಕೊಟ್ಟವರು ಅವರೇ.

ಕೆಲಸ ಹೀಗಿತ್ತು. ಪೂರ್ವದ ಕಡಲತೀರದಿಂದ ಆಗಾಗ ದೊಡ್ಡ ರಾಕೆಟ್ ಹಾರಿಸುತ್ತಾರಲ್ಲ, ಅದರ ಕೇಳದ ಸದ್ದು ಎಲ್ಲ ದಿಕ್ಕಿಗೂ ಮೇಲೇರುತ್ತದೆ. ಒಂದಷ್ಟು ತೀರಾ ಮೇಲಕ್ಕೆ ಹೋಗಿ ಸಾಯುತ್ತದೆ. ಮಿಕ್ಕಿದ್ದಕ್ಕೆ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಒಂದು ಬೆಚ್ಚಗಿನ ಪದರ ಎದುರಾಗುತ್ತದೆ. ಅಲ್ಲಿ ಬೀಸುವ ಗಾಳಿ ಸದ್ದು ಹೊರಟ ದಿಕ್ಕಿಗೇ ಬೀಸುತ್ತಿದ್ದರೆ ಸದ್ದು ಬಾಗಿ ಮತ್ತೆ ನೆಲಕ್ಕಿಳಿಯುತ್ತದೆ, ಎಷ್ಟೋ ಜಿಲ್ಲೆಗಳ ಆಚೆ. ಬೇಸಿಗೆಯ ಕೊನೆಗೆ ಮೇಲುಗಾಳಿ ಪೂರ್ವದಿಂದ ನಮ್ಮ ಕಡೆಗೇ ಬೀಸುತ್ತದೆ. ಆಗ ಹಾರಿಸಿದರೆ ಹೆಮ್ಮಿಗೆಯ ಮೇಲೆ ಇಳಿದೀತು.

ಇಳಿಯದೆಯೂ ಇದ್ದೀತು. ಸದ್ದು ಹೊರಟ ಜಾಗಕ್ಕೂ ಇಳಿಯುವ ಜಾಗಕ್ಕೂ ನಡುವೆ ಒಂದು ಮೌನದ ಪಟ್ಟೆ ಇರುತ್ತದಂತೆ. ಅಲ್ಲಿನವರ ತಲೆಯ ಮೇಲೇ ಅದು ಹಾದುಹೋಗುತ್ತದೆ, ಅವರಿಗೆ ಏನೂ ತಿಳಿಯುವುದಿಲ್ಲ. ಹೆಮ್ಮಿಗೆ ಆ ಪಟ್ಟೆಯೊಳಗೆ ಬಿದ್ದಿದ್ದರೆ? ನಾನು ಒಂದು ಸಲ ಈ ಪ್ರಶ್ನೆ ಕೇಳಿದೆ. ಮೇಷ್ಟ್ರು "ಅದನ್ನ ಮಾತ್ರ ಕೇಳ್ಬೇಡ ಕಣಮ್ಮ" ಅಂದರು.

ಹಿಡಿಯುವುದಕ್ಕೆ ದೊಡ್ಡ ಶತ್ರು ನೆಲದ ಮೇಲಿನ ಗಾಳಿ. ಅದು ಬೀಸಿದರೆ ಸೆನ್ಸರಿಗೆ ಬೇರೇನೂ ಕೇಳುವುದಿಲ್ಲ. ಅದಕ್ಕೆ ಮೇಷ್ಟ್ರು ಮಾಡಿದ ಉಪಾಯ ಡ್ರಿಪ್ ಪೈಪು. ಉಪ್ಪಿನಕಾಯಿ ಡಬ್ಬದೊಳಗೆ, ಮೇಷ್ಟ್ರು ತಮ್ಮ ಕೈಯಾರೆ ಬೆಸುಗೆ ಹಾಕಿದ, ಗಾಳಿಯ ಒತ್ತಡ ಅಳೆಯುವ ಸೆನ್ಸರ್. ಡಬ್ಬದಿಂದ ಆರು ದಿಕ್ಕಿಗೆ ನಕ್ಷತ್ರದ ಹಾಗೆ ತೂತು ತೂತಿನ ಪೈಪು. ಸುಂಟರಗಾಳಿ ಒಂದೊಂದು ತೂತಿಗೆ ಒಂದೊಂದು ಥರ ಬಡಿದು, ಒಂದರ ಗಲಾಟೆ ಇನ್ನೊಂದರಲ್ಲಿ ಅಡಗುತ್ತದೆ. ದೂರದಿಂದ ಬರುವ ದೊಡ್ಡ ಅಲೆಯಾದರೋ ಎಲ್ಲ ತೂತುಗಳನ್ನೂ ಒಟ್ಟಿಗೇ ಒತ್ತುತ್ತದೆ. ಪೈಪುಗಳ ಮೇಲೆ ತೆಳ್ಳಗೆ ಮಣ್ಣು ಎಳೆದರು. ಡಬ್ಬದಿಂದ ಮನೆಯ ಕಿಟಕಿಗೆ ವೈರು, ಕಿಟಕಿಯಿಂದ ಹಳೇ ಕಂಪ್ಯೂಟರಿಗೆ. ಪರದೆಯ ಮೇಲೆ ಒಂದು ಹಸಿರು ಗೆರೆ ಓಡುತ್ತಿರುತ್ತಿತ್ತು.

ಆ ಪೈಪುಗಳು ಪಕ್ಕದ ಹೊಲದ ಪುಟ್ಟತಾಯಮ್ಮನವು. ಎರಡು ಎಮ್ಮೆ, ಒಂದು ಬೋರ್‌ವೆಲ್, ಬೆಳಗಿನಿಂದ ಸಂಜೆ ತನಕ ನಿಲ್ಲದ ಕಾಲು. ಹೊಸ ಪೈಪು ಹಾಕಿಸಿದಾಗ ಹಳೆಯವನ್ನು, "ತಕ್ಕಳಿ ಮೇಷ್ಟ್ರೇ, ನಂಗ್ಯಾಕೆ" ಅಂತ ಕೊಟ್ಟಿದ್ದಳು. ಏನಕ್ಕೆ ಅಂತ ಆಕೆ ಕೇಳಲೂ ಇಲ್ಲ, ಇವರು ಹೇಳಲೂ ಇಲ್ಲ. ಡ್ರಿಪ್ ಪೈಪು ಮಣ್ಣಿಗೆ ಹೋದರೆ ಏನಕ್ಕೆ ಅಂತ ಊರಲ್ಲಿ ಯಾರು ಕೇಳುತ್ತಾರೆ!

ಮೊದಮೊದಲು ಎಲ್ಲ ಕೈಕೊಟ್ಟಿತು. ಒಂದು ಸಲ ರಾಕೆಟ್ ಹಾರುವ ಹೊತ್ತಿಗೆ ಕರೆಂಟ್ ಹೋಯಿತು. ಒಂದು ಸಲ ಬಿರುಗಾಳಿ ಎದ್ದು ಗೆರೆಯೆಲ್ಲ ಕಾಗೆ ಗೂಡಾಯಿತು. ಒಂದು ಸಲ ಎಲ್ಲ ಸರಿಯಿತ್ತು, ರಾಕೆಟ್ಟೇ ಹಾರಲಿಲ್ಲ. ಇನ್ನೊಂದು ಸಲ ಎಲ್ಲವೂ ಸರಿಯಿತ್ತು, ಅದು ಹಾರಿಯೂ ಹಾರಿತು, ಗೆರೆ ಮಾತ್ರ ನೇಗಿಲ ಸಾಲಿನಂತೆ ನೆಟ್ಟಗೇ ಇತ್ತು. ಅವತ್ತು ನಾನು ಆ ಪಟ್ಟೆಯ ಮಾತು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಇಬ್ಬರೂ ಅದನ್ನೇ ಯೋಚಿಸುತ್ತಾ ಕಾಫಿ ಕುಡಿದೆವು.

ಅದೇ ವರ್ಷ ಒಂದು ಮಧ್ಯಾಹ್ನ, ಊಟ ಆಗಿ ಟೇಬಲ್ಲಿನ ಮೇಲೆ ಅಂಗೈ ಇಟ್ಟು ಕೂತಿದ್ದವರು ಸಟ್ಟನೆ ನೆಟ್ಟಗಾದರು. "ಬಂತು."

"ಏನು ಸಾರ್?"

"ನಿಧಾನಕ್ಕೆ. ಸೆಕೆಂಡಿಗೆ ನಾಲ್ಕೈದು. ಕೈ ಇಡು, ಕೈ ಇಡು!"

ಇಟ್ಟೆ. ನನಗೆ ಏನೂ ತಿಳಿಯಲಿಲ್ಲ. ಅವರು ಎದ್ದು ಗೋಡೆಗೆ ಅಂಗೈ ಒತ್ತಿದರು, ನಿಂತುಹೋಯಿತಂತೆ. ಕುರ್ಚಿಯ ತೋಳಿನ ಮೇಲೆ ಸುಮ್ಮನೆ ಇಟ್ಟರು, ಮತ್ತೆ ಬಂತಂತೆ. ತೊಡೆಯ ಮೇಲೆ ಇಟ್ಟರು, ಅಲ್ಲೂ ಬಂತು. "ಎಲ್ಲಾ ಕಡೆ ಇದೆ ಕಣಮ್ಮ!" ಮುಖ ಅರಳಿ ಮೊರದಗಲ ಆಗಿತ್ತು. ಮಜ್ಜಿಗೆ ತಂದ ಅಮ್ಮಾವ್ರು ಲೋಟ ಕೆಳಗಿಟ್ಟು ಅವರ ಕೈಯನ್ನೇ ನೋಡುತ್ತಾ ನಿಂತರು. ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ಬೀಡಿ ಸುತ್ತುವವರ ಹಾಗೆ, ತನ್ನಷ್ಟಕ್ಕೆ ತಾನೇ.

"ಟೇಬಲ್ ಅಲ್ಲ ಕಣ್ರೀ" ಅಂದರು ಅಮ್ಮಾವ್ರು. "ನಿಮ್ಮ ಕೈ."

ಮೈಸೂರಿನ ಡಾಕ್ಟರು ನಡುಕದ ಕಾಯಿಲೆ ಅಂತ ಹೇಳಿದರು. ಮಾತ್ರೆಯಿಂದ ಸ್ವಲ್ಪ ಹಿಡಿತಕ್ಕೆ ಬರುತ್ತದೆ, ವಾಸಿ ಅನ್ನುವುದಿಲ್ಲ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಮೇಷ್ಟ್ರು ನಕ್ಕರು. "ನೋಡಮ್ಮ ಮೇಲಿನ ಗಾಳಿ, ಜೀವಮಾನವೆಲ್ಲಾ ಹುಡುಕಿದ್ದು ನನ್ನ ಕೈಯೊಳಗೇ ಬಂದು ಕೂತಿದೆ. ಸೆಕೆಂಡಿಗೆ ನಾಲ್ಕೈದು! ಕೇಳದ ಸದ್ದೇ. ಈಗ ನಾನೂ ಒಂದು ಕ್ವಾರಿ." ನಗುತ್ತಾ ನಗುತ್ತಾ ಬಸ್ಸಿನ ಕಿಟಕಿಯ ಮೇಲೆ ಅಂಗೈ ಇಟ್ಟರು, ಒಂದು ಗಳಿಗೆ ಬಿಟ್ಟು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಎಂದೂ ಅವರು ಯಾವುದರ ಮೇಲೂ ಕೈಯಿಟ್ಟು ಬಂತು ಅನ್ನಲಿಲ್ಲ. ಯಾವುದು ಗಾಳಿಯದು, ಯಾವುದು ತಮ್ಮದು ಅಂತ ಅವರಿಗೇ ನಂಬಿಕೆ ಹೋಗಿತ್ತು.

ಇನ್ನು ಉಳಿದದ್ದು ಆ ಹಸಿರು ಗೆರೆ ಒಂದೇ. ಅದಕ್ಕೆ ಕೈ ನಡುಗುವುದಿಲ್ಲ.

ಮರು ಬೇಸಿಗೆಯ ಕೊನೆಗೆ ಒಂದು ಭಾರಿ ರಾಕೆಟ್ ಹಾರುವುದಿತ್ತು. ಬೆಳಿಗ್ಗೆ. ನಾನು ಹಿಂದಿನ ದಿನವೇ ಹೋಗಿ ಬೀಡುಬಿಟ್ಟೆ. ಎಲೆ ಅಲ್ಲಾಡುತ್ತಿರಲಿಲ್ಲ. "ಅವತ್ತಿನಂಗೇ ಸೆಕೆ" ಅಂದರು ಮೇಷ್ಟ್ರು, ಬಾಲ್ಯದ ದಿನ ನೆನೆಸಿಕೊಂಡು. ಹಣೆಗೆ ದಪ್ಪಗೆ ವಿಭೂತಿ, ಇಸ್ತ್ರಿ ಮಾಡಿದ ಅಂಗಿ. ಎಡಗೈಯಿಂದ ಬಲಗೈ ಬಿಗಿಯಾಗಿ ಹಿಡಿದುಕೊಂಡು ಪರದೆಯ ಮುಂದೆ ಕೂತರು. ಟೀವಿಯಲ್ಲಿ ರಾಕೆಟ್ ಹೊಗೆ ಬಿಟ್ಟು ಎದ್ದಿತು. ಅಮ್ಮಾವ್ರು ಕೈ ಮುಗಿದರು. ಸದ್ದು ಮೇಲೆ ಹೋಗಿ ಬಾಗಿ ಬರಲು ಅರ್ಧ ಗಂಟೆಯಾದರೂ ಬೇಕು. ಮೂವರೂ ಗೆರೆ ನೋಡುತ್ತಾ ಕೂತೆವು. ಒಲೆಯ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಗೆರೆ ಅಲುಗಿತು. ಒಂದು ಸಲ ತಗ್ಗಿ, ನಿಧಾನವಾಗಿ ಎದ್ದು, ಮತ್ತೆ ತಗ್ಗಿ, ಆಮೇಲೆ ಪರದೆಯ ತುದಿ ಮುಟ್ಟುವಷ್ಟು ಮೇಲೆದ್ದಿತು.

"ಬಂತು!" ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಬಂತು ಕಣಮ್ಮ! ಬಂತು ಕಣೇ! ನಾನು ಹೇಳಿರ್ಲಿಲ್ವಾ? ಸುಳ್ಳು ಹೇಳಿರ್ಲಿಲ್ಲ ನಾನು!" ನನ್ನ ತಲೆ ಹಿಡಿದು ಅಲ್ಲಾಡಿಸಿದರು, ಅಮ್ಮಾವ್ರ ಕೈ ಹಿಡಿದು ಅತ್ತರು. ನಾನೂ ಅತ್ತೆ. ಆ ಒಂದು ನಿಮಿಷ ಆ ಮನೆಯಲ್ಲಿ ಇದ್ದ ಸಂತೋಷವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ಗೆರೆ ಇಳಿಯಲೇ ಇಲ್ಲ. ಮೇಲೆ ಹೋಗಿ ಅಲ್ಲೇ ಅಂಟಿಕೊಂಡಿತು, ಒಂದೆರಡು ಸಲ ಒದ್ದಾಡಿ ಪೂರ್ತಿ ಆರಿಹೋಯಿತು. ಅಲೆ ಅಂದ ಮೇಲೆ ಹೋಗಬೇಕು, ಬರಬೇಕು. ಹೊಲಕ್ಕೆ ಓಡಿದೆ.

ಒಣ ಮಣ್ಣಿನ ಮೇಲೆ ಆರು ದಿಕ್ಕಿಗೂ ಕಪ್ಪಗೆ ಒದ್ದೆ ಗೆರೆ ಹರಡಿತ್ತು. ತೂತು ತೂತಿನಿಂದ ನೀರು ಚಿಮ್ಮುತ್ತಿತ್ತು. ಡಬ್ಬ ತುಂಬಿ ಮುಚ್ಚಳ ಹಾರಿತ್ತು. ಬದುವಿನ ಮೇಲೆ ಸೀರೆ ಎತ್ತಿಕಟ್ಟಿಕೊಂಡು ಪುಟ್ಟತಾಯಮ್ಮ ನಿಂತಿದ್ದಳು, ಮುಖದ ತುಂಬ ನಗು.

"ತ್ರೀಫೇಸ್ ಕರೆಂಟ್ ಬಂತು ಕಣವ್ವ. ಮೇಷ್ಟ್ರು ಏನೋ ಬಿತ್ತವ್ರೆ, ಒಂದು ಮೊಳಕೇನೂ ಬಂದಿಲ್ಲ, ಮಣ್ಣೆಲ್ಲಾ ಕಾದ ರೊಟ್ಟಿ ಅಂಚಿನಂಗೆ ಆಗ್ಯದೆ. ಪಾಪ, ಅವರ ಕೈಲಿ ಎಲ್ಲಾದದು ಅಂತ ನಾನೇ ಪೈಪ್ ಸಿಗಾಕಿ ನೀರ್ ಬುಟ್ಟೆ."

ನಮ್ಮ ಕಡೆ ಅದು ಕಟ್ಟಳೆ. ಮೋಟಾರಿನ ಕರೆಂಟು ಯಾವ ಹೊತ್ತಿಗೆ ಬರುತ್ತದೋ ಯಾರಿಗೂ ಗೊತ್ತಿಲ್ಲ. ಬಂದಾಗ ಹೊಲದಲ್ಲಿ ಇದ್ದವರು ಇಲ್ಲದವರ ಹೊಲಕ್ಕೂ ನೀರು ತಿರುಗಿಸಬೇಕು, ಹೇಳಿಸಿಕೊಳ್ಳಬಾರದು. ಈ ಕಟ್ಟಳೆಯನ್ನು ಮೇಷ್ಟ್ರು ನನ್ನೆದುರಿಗೆ ಎಷ್ಟು ಸಲ ಹೊಗಳಿದ್ದರು! ನನಗೆ ಅದೆಲ್ಲ ಆಗ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದಂತೆ ಬೈದೆ. ಆಕೆ ನಗು ಆರಿಹೋಗಿ, ಏನು ತಪ್ಪಾಯಿತು ಅಂತಲೂ ತಿಳಿಯದೆ ನನ್ನ ಬಾಯನ್ನೇ ನೋಡುತ್ತಾ ನಿಂತಳು.

"ಸಾಕು ಬಾಯ್ಮುಚ್ಚು!" ಹಿಂದಿನಿಂದ ಮೇಷ್ಟ್ರ ದನಿ. ಬದುವಿನ ಮೇಲೆ ಎಡವುತ್ತಾ ಬಂದರು, ಒದ್ದೆ ಮಣ್ಣನ್ನು ನೋಡಿದರು, ಡಬ್ಬವನ್ನು ನೋಡಿದರು. ಆಮೇಲೆ ಪುಟ್ಟತಾಯಮ್ಮನ ಕಡೆ ತಿರುಗಿ, "ಒಳ್ಳೇದಾಯ್ತು ಕಣವ್ವ, ಭೂಮಿ ಒಣಗಿತ್ತು" ಅಂದರು. ಅಷ್ಟು ಹೇಳುವಾಗ ಬಲಗೈ ಪಂಚೆಯನ್ನು ಬಡಿಯುತ್ತಿತ್ತು, ಹಿಡಿದುಕೊಳ್ಳಲೂ ಇಲ್ಲ.

ಮನೆಗೆ ಬಂದು ಪರದೆಯ ಮುಂದೆ ಕೂತು, "ನೀನಾದ್ರೂ ನಂಗೆ ಹೇಳ್ಬೇಕಿತ್ತು. ಇಷ್ಟು ದೊಡ್ಡ ಗೆರೆ ಗಾಳಿಯದಲ್ಲ ಅಂತ ಕಾಣ್ತಿತ್ತಲ್ಲ. ನೋಡಿದ ತಕ್ಷಣ ನಾನು ಇದೆ ಅಂದ್ಬಿಟ್ಟೆ. ಮಕ್ಕಳಿಗೆ ಏನ್ ಹೇಳ್ಕೊಟ್ಟೆ ನಾನು?" ಅಂದರು. ನಿಜವಾದ ಅಲೆ ಆ ನೀರಿನ ಗದ್ದಲದ ಅಡಿಯಲ್ಲಿ ಬಂದು ಹೋಯಿತೋ, ತಲೆಯ ಮೇಲೇ ಹಾದುಹೋಯಿತೋ, ಇನ್ನು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

ಸೆನ್ಸರ್ ಸತ್ತಿತ್ತು. ಇನ್ನೊಂದಕ್ಕೆ ಬೆಸುಗೆ ಹಾಕುವ ಕೈ ಅವರಲ್ಲಿ ಉಳಿದಿರಲಿಲ್ಲ. ನಾನೊಂದು ಮಾಡಿದೆ. ಬಾಗಿಲು ಹಾಕಿದರೆ ಕುಣಿಯುತ್ತಿತ್ತು, ಮಿಕ್ಕಂತೆ ಹೆಣದ ಹಾಗೆ ಬಿದ್ದಿರುತ್ತಿತ್ತು. ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಪ್ರಯತ್ನ ಪಟ್ಟಿದ್ದೀಯ" ಅಂದರು. ಅವರ ಬಾಯಲ್ಲಿ ಆ ಮಾತು ಫೇಲಾದವರಿಗೆ ಮಾತ್ರ ಬರುತ್ತಿತ್ತು. ಪೈಪುಗಳನ್ನು ಕೀಳಿಸಲಿಲ್ಲ, ಪುಟ್ಟತಾಯಮ್ಮನಿಗೇ ಬಿಟ್ಟುಕೊಟ್ಟರು. ಆಕೆ ಅದರ ಉದ್ದಕ್ಕೂ ದಂಟು, ಕೀರೆ ಬಿತ್ತಿದಳು. ಆರು ದಿಕ್ಕಿಗೆ ಹಸಿರು ಹಸಿರಾಗಿ ಎದ್ದ ಸೊಪ್ಪನ್ನು ಮೇಷ್ಟ್ರು ಕಿಟಕಿಯಿಂದ ನೋಡುತ್ತಿದ್ದರು. ಭಾನುವಾರ ನಾನು ಹೊರಡುವಾಗ ಆಕೆ ಒಂದು ಕಟ್ಟು ಸ್ಕೂಟರಿಗೆ ಸಿಕ್ಕಿಸುತ್ತಿದ್ದಳು. ಅಷ್ಟು ಬೈಸಿಕೊಂಡಿದ್ದನ್ನು ಒಂದು ದಿನವೂ ಎತ್ತಿ ಆಡಲಿಲ್ಲ.

ಕಾಯಿಲೆ ಕೈಯಿಂದ ಕಾಲಿಗೆ, ಕಾಲಿನಿಂದ ನಾಲಗೆಗೆ ಹಬ್ಬಿತು. ಮಂಚವನ್ನು ಅಡುಗೆಮನೆಯ ಬಾಗಿಲ ಪಕ್ಕಕ್ಕೇ ಹಾಕಿಸಿಕೊಂಡರು. ನಾನು ಕೊನೆಯ ಸಲ ಅವರ ಜೊತೆ ಮಾತಾಡಿದ್ದು ಅಲ್ಲಿ. ಅವತ್ತೂ ಒಂದು ರಾಕೆಟ್ ಹಾರಿತ್ತು. ಟೀವಿಯಲ್ಲಿ ನೋಡಿದ್ದರು. ನಾನು ಒಳಗೆ ಬರುತ್ತಿದ್ದಂತೆ ತೊದಲಿದರು: "ಮೇಲಿನ ಗಾಳಿ... ಬಾಗ್ಲ ಮೇಲೆ ಕೈ ಇಡು."

ಇಟ್ಟೆ. ಅವರ ಅಪ್ಪ ಮುಟ್ಟಿ ನೋಡಿದ್ದ ಅದೇ ಹಲಗೆ. ಮೇಷ್ಟ್ರ ತಲೆಯ ಹಿಂದೆ ನಿಂತಿದ್ದ ಅಮ್ಮಾವ್ರು ನನ್ನತ್ತ ನೋಡಿ ಎರಡು ಕೈ ಜೋಡಿಸಿದರು. ಇದೆ ಅನ್ನು. ಒಂದು ಮಾತು. ನಿನ್ನ ಗಂಟೇನು ಹೋಗುತ್ತೆ? ಅವರ ಕಣ್ಣು ಅದನ್ನೇ ಹೇಳುತ್ತಿತ್ತು. ನನಗೆ ಆಸೆಯಾಗಲಿಲ್ಲ ಅಂತಲ್ಲ. ನಾಲಗೆಯ ತುದಿಗೆ ಬಂದಿತ್ತು. ಅರ್ಧ ಗಂಟೆ ಹಾಗೇ ನಿಂತೆ, ತೋಳು ಮರಗಟ್ಟಿತು. ಹಲಗೆ ಹಲಗೆಯ ಹಾಗೇ ಇತ್ತು.

"ಇದೆಯಾ?"

"ಇಲ್ಲ ಸಾರ್."

ಮೇಷ್ಟ್ರು ಕಣ್ಣು ಮುಚ್ಚಿದರು. ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆ ಹರಿಯಿತು. "ಇದ್ದಂಗಿದೆ ಅಂತಾನೂ... ಅನ್ಲಿಲ್ಲ ನೀನು" ಅಂದರು. ಹೊಗಳಿದರೋ, ನೊಂದುಕೊಂಡರೋ, ನನಗೆ ಇವತ್ತಿಗೂ ತಿಳಿದಿಲ್ಲ. ಅಮ್ಮಾವ್ರು ಕಾಫಿ ಕೊಡಲಿಲ್ಲ, ಹೋಗಿ ಬಾ ಅಂತಲೂ ಅನ್ನಲಿಲ್ಲ. ಅವರ ಕೋಪ ನ್ಯಾಯವೇ. ನಾನು ತಲೆ ತಗ್ಗಿಸಿ ಸ್ಕೂಟರ್ ಹತ್ತಿದೆ.

ಸುದ್ದಿ ಬಂದಿದ್ದು ಸ್ಕೂಲಿನಲ್ಲಿ ಇದ್ದಾಗ. ಕ್ಲಾಸು ಅರ್ಧಕ್ಕೆ ಬಿಟ್ಟು ಓಡಿದೆ. ಹಜಾರದಲ್ಲಿ ಮಲಗಿಸಿದ್ದರು, ವಿಭೂತಿ ಬಳಿದು, ಹೂವಿನ ಹಾರ ಹಾಕಿ. ಡಾಕ್ಟರು ಬಂದು ನೋಡಿ ಹೋಗಿಯಾಗಿತ್ತು. ಪುಟ್ಟತಾಯಮ್ಮ ಕಂಬದ ಹತ್ತಿರ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಅಮ್ಮಾವ್ರು ಮಾತ್ರ ಅಳುತ್ತಿರಲಿಲ್ಲ. ನನ್ನನ್ನು ಕಂಡವರೇ ರಟ್ಟೆ ಹಿಡಿದು ಮೇಷ್ಟ್ರ ಬಲಗಡೆ ಎಳೆದು ಕೂರಿಸಿದರು.

"ಇವರೆಲ್ಲಾ ಹೋಗ್ಬಿಟ್ರು ಹೋಗ್ಬಿಟ್ರು ಅಂತಾರೆ. ಬೆಳಿಗ್ಗೆ ಕೂಡ ಕೈ ನಡುಗ್ತಿತ್ತಮ್ಮ, ನಾನೇ ಹಿಡ್ಕೊಂಡಿದ್ದೆ. ಈಗ್ಲೂ ಒಳಗೊಳಗೇ ನಡುಗ್ತಿರಬೌದು, ನಮ್ಮಂಥೋರಿಗೆ ಗೊತ್ತಾಗಲ್ಲ. ನೀನು ನೋಡಿ ಹೇಳು. ನೀನು ಸುಳ್ಳು ಹೇಳಲ್ಲ."

ಮೇಷ್ಟ್ರ ಅಂಗೈ ಮೇಲಕ್ಕೆ ತೆರೆದುಕೊಂಡಿತ್ತು. ಅದೇ ಮೆತ್ತಗಿನ ಅಂಗೈ. ಅದರ ಮೇಲೆ ನನ್ನ ಅಂಗೈಯನ್ನು ಚಪ್ಪಟೆಯಾಗಿ ಇಟ್ಟೆ, ಅವರು ಕಲಿಸಿದ ಹಾಗೆ, ಒತ್ತದೆ, ಕಣ್ಣು ಮುಚ್ಚಿ. ನನ್ನದೇ ನಾಡಿ ಬೆರಳ ತುದಿಯಲ್ಲಿ ಬಡಿಯುತ್ತಿತ್ತು. ಅದು ಅವರದೇ ಅನ್ನಿಸುವ ಹಾಗೆ ಬಡಿಯುತ್ತಿತ್ತು. ಇದ್ದಂಗಿತ್ತು. ನೂರಕ್ಕೆ ನೂರು ಇದ್ದಂಗೇ ಇತ್ತು. ಆ ಬಡಿತ ನನ್ನದು ಅಂತ ಖಾತ್ರಿಯಾಗುವ ತನಕ ಕಾದೆ. ಅಮ್ಮಾವ್ರು ನನ್ನ ಮುಖದಿಂದ ಕಣ್ಣು ಕೀಳಲಿಲ್ಲ.

"ಇಲ್ಲ ಅಮ್ಮಾ" ಅಂದೆ.